ಬಾವಿ ನೀರಿನ ಪರೀಕ್ಷೆ ಮಳೆಗಾಲದಲ್ಲೇ ಆಗಬೇಕು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮಗೆ ನೀರು ಎಂದರೆ ಬೇಸಗೆಯ ಚಿಂತೆ. ಬಾವಿ ತಳ ಕಂಡಿತೇ, ಅಬ್ಬಿ ಎಷ್ಟು ಸಣ್ಣಗಾಯಿತು, ತೋಟಕ್ಕೆ ಸಾಕಾದೀತೇ - ಏಪ್ರಿಲ್ ತಿಂಗಳಲ್ಲಿ ನಾಲ್ಕು ಜನ ಸೇರಿದರೆ ಇದೇ ಮಾತು. ಆರಿದ್ರಾ ಮಳೆ ಹಿಡಿದು ಬಾವಿ ತುಂಬಿತೋ, ಆಮೇಲೆ ನೀರಿನ ಸುದ್ದಿ ಎತ್ತುವವರಿಲ್ಲ. ಆದರೆ ನೀರಿನ ಪ್ರಮಾಣ ಬಿಟ್ಟು ಗುಣ ನೋಡಿದರೆ ಲೆಕ್ಕ ತಿರುಗುಮುರುಗು. ಹಗ್ಗ ಉದ್ದ ಮಾಡಿ ಸೇದುವ ಬೇಸಗೆಯ ನೀರಿಗಿಂತ, ಕೈಗೆ ಎಟಕುವ ಜುಲೈ ತಿಂಗಳ ನೀರೇ ಕಾಯಿಲೆ ತರುವ ಸಂಭವ ಹೆಚ್ಚು.

ಇದಕ್ಕೆ ಕಾರಣ ನಮ್ಮ ಮನೆಗಳು ಕುಳಿತ ರೀತಿಯಲ್ಲೇ ಇದೆ. ಮೇಲೆ ಗುಡ್ಡ ಅಥವಾ ಸೊಪ್ಪಿನಬೆಟ್ಟ, ಕೆಳಗೆ ತೋಟ, ನಡುವೆ ಧರೆ ಕಡಿದು ಮನೆ. ಕೊಟ್ಟಿಗೆ, ಗೊಬ್ಬರಗುಂಡಿ ಮನೆಯ ಮಗ್ಗುಲಿಗೆ ಇಲ್ಲವೇ ಸ್ವಲ್ಪ ಮೇಲಕ್ಕೆ. ಗೊಬ್ಬರವನ್ನು ತೋಟಕ್ಕೆ ಇಳಿಸುವುದು ಸುಲಭವಲ್ಲವೇ! 2014ರಲ್ಲಿ ಸ್ವಚ್ಛ ಭಾರತ ಯೋಜನೆ ಶುರುವಾದ ಮೇಲೆ ಹಿತ್ತಲಿನಲ್ಲಿ ಪಾಯಿಖಾನೆಯ ಇಂಗುಗುಂಡಿಗಳೂ ಹೆಚ್ಚಿದವು. ಅದು ಬೇಕಾದದ್ದೇ, ತಕರಾರಿಲ್ಲ. ಬಾವಿಗೂ ಗುಂಡಿಗೂ 50 ಅಡಿ ಅಂತರ ಇರಬೇಕೆಂಬ ನಿಯಮವನ್ನೂ ಹಲವರು ಪಾಲಿಸಿದ್ದಾರೆ. ಆದರೆ ಈ ಅಂತರ ಅಳೆಯುವುದು ನೆಲದ ಮೇಲೆ, ಅದೂ ಬೇಸಗೆಯಲ್ಲಿ. ನೆಲದ ಒಳಗೆ ಏನಾಗುತ್ತದೆ?

ನಮ್ಮ ಮನೆಯ ಬಾವಿಯನ್ನೇ ತೆಗೆದುಕೊಳ್ಳಿ. ಮಾರ್ಚ್ ಕೊನೆಗೆ ನೀರು 28-30 ಅಡಿ ಕೆಳಗೆ. ಇಂಗುಗುಂಡಿಯ ತಳ 5 ಅಡಿ. ಅಂದರೆ ಗುಂಡಿಯ ಕೊಳೆ ನೀರು ಬಾವಿಯ ಮಟ್ಟಕ್ಕೆ ಇಳಿಯಬೇಕಾದರೆ 20 ಅಡಿಗೂ ಮೀರಿ ಒಣಮಣ್ಣು ದಾಟಬೇಕು. ಮಣ್ಣು ಸೋಸುತ್ತದೆ, ಕ್ರಿಮಿಗಳು ಸಾಯುತ್ತವೆ. ಪುನರ್ವಸು ಮಳೆಯ ಹೊತ್ತಿಗೆ ಅದೇ ಬಾವಿಯ ನೀರು ನೆಲದಿಂದ 4 ಅಡಿಗೆ ಬಂದಿರುತ್ತದೆ. ಬಾವಿಯೊಳಗೆ ಮಾತ್ರ ನೀರು ಏರಿತು ಅಂದುಕೊಳ್ಳಬೇಡಿ, ಸುತ್ತಲಿನ ನೆಲದೊಳಗಿನ ನೀರೂ ಅಷ್ಟೇ ಮೇಲೆ ಬಂದಿದೆ. ಇಂಗುಗುಂಡಿ ಈಗ ನೀರಿನಲ್ಲೇ ಕುಳಿತಿದೆ! ಜಂಬಿಟ್ಟಿಗೆ ಕಲ್ಲಿನ ನೆಲವಾದರೆ ಇನ್ನೂ ಕಷ್ಟ. ಆ ಕಲ್ಲನ್ನು ಕಡಿದವರಿಗೆ ಗೊತ್ತು, ಮೈಯೆಲ್ಲಾ ತೂತು, ಕೊಳವೆ. ನೀರು ಸೋಸದೆ ಹಾಗೇ ನುಸುಳುತ್ತದೆ. ಗೊಬ್ಬರಗುಂಡಿಯ ರಸಕ್ಕೂ ಇದೇ ದಾರಿ.

ನೀರು ಮಾತ್ರ ಕನ್ನಡಿಯ ಹಾಗೆ ತಿಳಿಯಾಗಿರುತ್ತದೆ. ಬಾಳೆಹೊನ್ನೂರು ಕಡೆಯ ಹಿರಿಯರಿಗೆ ಕುದುರೆಮುಖದ ಗಣಿ ನಡೆಯುತ್ತಿದ್ದ ಕಾಲ ನೆನಪಿರಬಹುದು. ಮಳೆಗಾಲದ ಭದ್ರೆ ಕೆಂಪುಮಣ್ಣು ಹೊತ್ತು ಬರುತ್ತಿತ್ತು. ಜನ ಎದ್ದು ನಿಂತರು, 2002ರಲ್ಲಿ ಸುಪ್ರೀಂ ಕೋರ್ಟಿನ ಆದೇಶವಾಯಿತು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕೆಂಪು ನೀರು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಹೋರಾಟವೂ ಆಯಿತು. ಹಿತ್ತಲಿನ ಗುಂಡಿಯಿಂದ ನಮ್ಮದೇ ಬಾವಿಗೆ ಇಳಿಯುವುದು ಕಾಣುವುದಿಲ್ಲ. ಪಾವಗಡ, ಮುಳಬಾಗಿಲು ಕಡೆಯವರಿಗಿರುವ ಫ್ಲೋರೈಡ್ ಕಾಟ ನಮಗಿಲ್ಲ ಎಂಬ ಸಮಾಧಾನವೂ ನಮ್ಮನ್ನು ಸ್ವಲ್ಪ ಮೈಮರೆಸಿದೆ.

ಪರೀಕ್ಷೆ ಕಷ್ಟವೇನಲ್ಲ

ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯ ಮಂಜ, ಮೌರ್ಯ, ರಾವ್ ಎಂಬ ಮೂವರು 1982ರಲ್ಲಿ ಒಂದು ಸುಲಭ ಪರೀಕ್ಷೆ ಪ್ರಕಟಿಸಿದರು. ಸಣ್ಣ ಬಾಟಲಿ, ಒಳಗೆ ಔಷಧಿ ಹೀರಿಸಿ ಒಣಗಿಸಿದ ಕಾಗದದ ಚೂರು. ಗೆರೆಯವರೆಗೆ ನೀರು ತುಂಬಿ ಇಟ್ಟರೆ, ಮಲದ ಅಂಶ ಸೇರಿದ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಇದಕ್ಕೆ ಎಚ್‌ಟುಎಸ್ ಬಾಟಲಿ ಎನ್ನುತ್ತಾರೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷೆಯ ಕಿಟ್ಟನ್ನು ಪಂಚಾಯತಿಗಳಿಗೆ ಕೊಟ್ಟು, ಹಳ್ಳಿಗೆ ಐದು ಜನ ಹೆಂಗಸರಿಗೆ ತರಬೇತಿ ಕೊಡುವ ಕ್ರಮ ಮಾಡಿದ್ದಾರೆ. ಪಂಚಾಯತಿಯಲ್ಲಿ ಕೇಳಿ, ಸುಮ್ಮನೆ ಬರಬೇಡಿ.

ಮಲೆನಾಡಿಗೆ ಒಂದು ತಿದ್ದುಪಡಿ ಬೇಕು. ಈ ಬಾಟಲಿಗೆ 30 ಡಿಗ್ರಿಗಿಂತ ಮೇಲಿನ ಬಿಸುಪು ಬೇಕು. ಜುಲೈ ತಿಂಗಳ ಚಳಿಯಲ್ಲಿ ಕಪಾಟಿನಲ್ಲಿಟ್ಟರೆ ಕೆಟ್ಟ ನೀರೂ ಪಾಸಾಗಿಬಿಡುತ್ತದೆ! ನಾನು ಬಚ್ಚಲ ಒಲೆಯಿಂದ ಒಂದು ಮೊಳ ಆಚೆ, ಕೈಗೆ ಬೆಚ್ಚಗೆ ಹತ್ತುವ ಜಾಗದಲ್ಲಿ ಇಟ್ಟೆ. ಏಪ್ರಿಲ್ ತಿಂಗಳ ನೀರು ಎರಡು ದಿನವಾದರೂ ಬಣ್ಣ ಬದಲಿಸಲಿಲ್ಲ. ಜುಲೈ ತಿಂಗಳದ್ದು ಮರುದಿನ ಸಂಜೆಗೇ ಕಾಡಿಗೆ. ಬಾವಿ ಅದೇ, ಗುಂಡಿಯೂ ಅದೇ. ಕಪ್ಪಾದ ಬಾಟಲಿಗೆ ಬ್ಲೀಚಿಂಗ್ ನೀರು ಹಾಕಿ, ಬಾವಿಯಿಂದ ದೂರ ಹೂಳಬೇಕು.

ಕಪ್ಪಾದರೆ ಏನಾಯಿತು, ಅಜ್ಜನ ಕಾಲದಿಂದ ಇದೇ ನೀರು ಕುಡಿದಿದ್ದೇವಲ್ಲ ಎನ್ನುವವರಿದ್ದಾರೆ. ಭೇದಿ, ವಿಷಮಶೀತ ಜ್ವರ ಎಲ್ಲರಿಗೂ ಗೊತ್ತು. ಕಾಮಾಲೆಯ ವಿಚಾರ ಹೇಳಬೇಕು. ನೀರಿನಿಂದ ಬರುವ ಕಾಮಾಲೆ ಕುಡಿದ ಮರುದಿನ ಬರುವುದಿಲ್ಲ, ಎರಡರಿಂದ ಆರು ವಾರ ಹಿಡಿಯುತ್ತದೆ. ಜೂನ್ ತಿಂಗಳಲ್ಲಿ ಕುಡಿದದ್ದಕ್ಕೆ ಜುಲೈ, ಆಗಸ್ಟ್‌ನಲ್ಲಿ ಕಣ್ಣು ಹಳದಿ. ಅಷ್ಟರಲ್ಲಿ ಮದುವೆ ಮನೆ ಊಟ, ಪೇಟೆಯ ಹೋಟೆಲು ಎಲ್ಲದರ ಮೇಲೂ ಅನುಮಾನ ಹೋಗಿರುತ್ತದೆ, ಬಾವಿ ಒಂದನ್ನು ಬಿಟ್ಟು. ಇದರಲ್ಲಿ ಹೆಪಟೈಟಿಸ್ 'ಇ' ಎಂಬ ಜಾತಿ ತುಂಬು ಬಸುರಿಯರಿಗೆ ಬಂದರೆ ನೂರಕ್ಕೆ 20-25 ಜನರ ಜೀವ ಹೋಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸುರಿ, ಬಾಣಂತಿ, ಮಕ್ಕಳಿರುವ ಮನೆಯವರು ಅಜ್ಜನ ಕಾಲದ ಮಾತು ಆಡಬಾರದು.

ಬ್ಲೀಚಿಂಗ್ ಪುಡಿಯ ಲೆಕ್ಕ

ಒಂದು ಮುಷ್ಟಿ ಎಸೆದು ಕೈ ತೊಳೆದುಕೊಳ್ಳುವ ಕ್ರಮ ಪ್ರಯೋಜನವಿಲ್ಲ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ ಬೇಕು. ದುಂಡು ಬಾವಿಯಲ್ಲಿ ಎಷ್ಟು ನೀರಿದೆ ಎಂದು ತಿಳಿಯಲು, ಬಾವಿಯ ಅಡ್ಡಳತೆಯನ್ನು ಅಡಿಯಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ನೀರಿನ ಆಳದಿಂದ, ಆಮೇಲೆ 22ರಿಂದ ಗುಣಿಸಿದರೆ ಲೀಟರಿನ ಲೆಕ್ಕ ಸಿಗುತ್ತದೆ. 8 ಅಡಿ ಅಡ್ಡಳತೆ, 15 ಅಡಿ ನೀರಿದ್ದರೆ ಸುಮಾರು 21 ಸಾವಿರ ಲೀಟರ್. ಪುಡಿ 53 ಗ್ರಾಂ. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಪೊಟ್ಟಣ ಕಟ್ಟಿಸಿಕೊಳ್ಳಿ. ಪುಡಿಯನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಗಂಜಿಯ ಹಾಗೆ ಕದಡಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬೇರೆ ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ. ಸುಣ್ಣವನ್ನು ಬಾವಿಗೆ ಸುರಿಯಬೇಡಿ. ರಾತ್ರಿ ಮಲಗುವ ಮುಂಚೆ ಮಾಡಿದರೆ ಅನುಕೂಲ. ಕಡಿಮೆಯೆಂದರೆ ಒಂದು ಗಂಟೆ ಯಾರೂ ಸೇದಬಾರದು. ಒಂದು ಗಂಟೆಯ ಮೇಲೆ ಸಣ್ಣಗೆ ವಾಸನೆ ಇದ್ದರೆ ಸರಿ. ಏನೂ ಇಲ್ಲವಾದರೆ ನೀರಿನ ಕೊಳೆಯೇ ಕ್ಲೋರಿನ್ನನ್ನು ತಿಂದು ಹಾಕಿದೆ ಎಂದರ್ಥ, ಇನ್ನರ್ಧ ಹಾಕಬೇಕು. ಹಳೆಯ, ಗಾಳಿಯಾಡಿದ ಪುಡಿಯಲ್ಲಿ ಶಕ್ತಿ ಇರುವುದಿಲ್ಲ. ನಮ್ಮ ಮಳೆಗಾಲದ ಥಂಡಿಗೆ ಅದು ಬೇಗ ಕೆಡುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ತನ್ನಿ. ಬಾವಿಗೆ ದಿನವೂ ಒಸರುವ ಹೊಸ ನೀರಿನ ಜೊತೆ ಕೊಳೆಯೂ ಬರುವುದರಿಂದ ಇದು ಒಮ್ಮೆ ಮಾಡಿ ಬಿಡುವ ಕೆಲಸವಲ್ಲ.

ಅಬ್ಬಿ ನೀರಿನವರಿಗೆ ಈ ದಾರಿ ಇಲ್ಲ. ಹರಿಯುವ ನೀರಿಗೆ ಎಷ್ಟೆಂದು ಹಾಕುವುದು! ಅಲ್ಲಿ ಅಬ್ಬಿಯ ಕಣ್ಣನ್ನೇ ಕಾಯಬೇಕು. ಅಡಿಕೆ ದಬ್ಬೆಯ ಕಾಲ ಹೋಗಿ ಕಪ್ಪು ಪೈಪು ಬಂದರೂ, ನೀರು ಹಿಡಿಯುವ ಜಾಗ ಹೆಚ್ಚಿನ ಕಡೆ ಇನ್ನೂ ತೆರೆದ ಹೊಂಡವೇ. ಕಾಡಿನ ನೀರು ಎಂಬ ನಂಬಿಕೆ ಬೇರೆ. ಹಂದಿ ಹೊರಳುವುದು, ಕಾಟಿ ಸೆಗಣಿ ಹಾಕುವುದು ಅಲ್ಲೇ. ನೀರು ನೆಲದಿಂದ ಹೊರಬರುವ ಬಾಯಿಗೇ ಸಣ್ಣ ತೊಟ್ಟಿ ಕಟ್ಟಿ, ಕಣ್ಣಿನ ಕಡೆ ಜಲ್ಲಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ, ಹೆಚ್ಚಾದ ನೀರು ಹೊರಹೋಗುವ ಕೊಳವೆಗೆ ಜಾಲರಿ ಕಟ್ಟಬೇಕು. ತೊಟ್ಟಿಯ ಮೇಲ್ಭಾಗದಲ್ಲಿ ಮಳೆ ನೀರು ಪಕ್ಕಕ್ಕೆ ತಿರುಗುವಂತೆ ಒಂದು ಅಗಳು. ಇಷ್ಟಕ್ಕೆ ಇಬ್ಬರಿಗೆ ಎರಡು ಮೂರು ದಿನದ ಕೆಲಸ.

ನಾವು ತೋಟದಲ್ಲಿ ಮಾಡುವುದನ್ನೂ ಹೇಳಬೇಕಲ್ಲ. ಶೇಕಡಾ 1ರ ಬೋರ್ಡೋ ದ್ರಾವಣದ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ. ಅದರಲ್ಲಿ ತಾಮ್ರ ಸುಮಾರು 250 ಗ್ರಾಂ. ಲೀಟರಿಗೆ 2500 ಮಿಲಿಗ್ರಾಂ ಆಯಿತು. ಬೇರೆ ನೀರಿಲ್ಲದಾಗ ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 1.5 ಮಿಲಿಗ್ರಾಂವರೆಗೆ ಇರಬಹುದೆಂದು ಭಾರತೀಯ ಮಾನಕ. ಡ್ರಮ್ಮಿನ ತಳದಲ್ಲಿ ಉಳಿದ 10 ಲೀಟರ್ ಸಾಕು, 16 ಸಾವಿರ ಲೀಟರನ್ನು ಆ ಮಟ್ಟಕ್ಕೆ ತರಲು. ಸುಣ್ಣದೊಂದಿಗೆ ಬೆರೆತ ತಾಮ್ರ ಬಹುಪಾಲು ತಳಕ್ಕೆ ಕೂರುತ್ತದೆ ನಿಜ, ಆದರೂ ಡ್ರಮ್ ತೊಳೆಯಲು ಬಾವಿಕಟ್ಟೆ ಜಾಗವಲ್ಲ. ಬಾವಿಯಿಂದ ಕೆಳಗೆ, ಹಳ್ಳದಿಂದ ದೂರ ತೊಳೆಯಲಿ. ಕಾಫಿ ಇರುವವರು ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡುವುದು ಇನ್ನೊಂದು ತೊಂದರೆ. ಡಿಸೆಂಬರ್, ಜನವರಿಯಲ್ಲಿ ಹಳ್ಳವೇ ಸಣ್ಣ, ಕೆಳಗಿನ ಮನೆಯವರ ಪಾಲಿಗೆ ಹುಳಿ ವಾಸನೆಯ ಕಪ್ಪು ನೀರು ಉಳಿಯುತ್ತದೆ. ಅದಕ್ಕೆ ಗುಂಡಿ ಮಾಡುವುದು ಮೇಲಿನವರ ಕೆಲಸ.

ಕೊನೆಗೆ ಕುದಿಸುವುದು. ಕೊತಕೊತ ಕುದಿ ಬಂದು ಒಂದು ನಿಮಿಷ ಕುದಿದರೆ ಸಾಕು. ಕಾಮಾಲೆಯ ವೈರಸ್ಸಿಗೂ ಅದೇ ಮದ್ದು. ತಾಮ್ರದ ಕೊಡದಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿಯ ಬ್ಯಾಕ್ಟೀರಿಯಾ ಸಾಯುತ್ತವೆಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ತೋರಿಸಿದ್ದಾರೆ. ಒಳ್ಳೆಯದೇ, ಆದರೆ ಕುದಿಸುವುದನ್ನು ಬಿಡಲು ಅದು ಕಾರಣವಾಗದಿರಲಿ. ನೆಂಟರು ಬಂದಾಗ ಕುದಿಸಿದ ನೀರಿಗೆ ಹಸಿನೀರು ಬೆರೆಸಿ ಉಗುರುಬೆಚ್ಚಗೆ ಮಾಡಿ ಕೊಡುವ ಅಭ್ಯಾಸ ನಮ್ಮಲ್ಲಿದೆ. ಕುದಿಸಿದ ಸೌದೆಯೆಲ್ಲ ದಂಡ.

ಅಬ್ಬಿಯ ಕಣ್ಣಿಗೆ ತೊಟ್ಟಿ ಕಟ್ಟಿದವರು ನಿಮ್ಮಲ್ಲಿದ್ದರೆ ಅಳತೆ, ಖರ್ಚು, ಜಲ್ಲಿ ಎಷ್ಟು ವರ್ಷಕ್ಕೆ ತೊಳೆಯಬೇಕಾಯಿತು ಎಂದು ಪತ್ರಿಕೆಗೆ ಬರೆಯಿರಿ. ನಮ್ಮ ಕೇರಿಯಲ್ಲಿ ಈ ಬೇಸಗೆಗೆ ಎರಡು ಕಟ್ಟುವುದಿದೆ.