ಒಂದು ಬೈಟಿನ ನಾಡಿಪರೀಕ್ಷೆ

ಡೊಂಬಿವಲಿ, ಕಲ್ಯಾಣಗಳಿಂದ ಐರೋಲಿ, ಮಹಾಪೆಗಳ ಸಾಫ್ಟ್‌ವೇರ್ ಕಚೇರಿಗಳಿಗೆ ಹೋಗಿಬರುವ ತರುಣರು ಬಳಸುವ ದೋಷಶೋಧಕ ಸಾಧನಗಳಲ್ಲಿ 'ಜಿಡಿಬಿ' ಒಂದು. ಅದರ ಅಗತ್ಯವನ್ನು ಮನೆಯ ಹಿರಿಯರೂ ಅರಿಯಲು ವೈದ್ಯಕ್ಷೇತ್ರದ ಒಂದು ದುರಂತವೇ ಸಾಕು.

1985ರಿಂದ 1987ರವರೆಗೆ ಅಮೆರಿಕ, ಕೆನಡಾಗಳಲ್ಲಿ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ಯಂತ್ರವು ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ನೀಡಿತು, ಕೆಲವರು ಅಸುನೀಗಿದರು. 1987ರ ಜನವರಿಯಲ್ಲಿ ಯಾಕಿಮಾದಲ್ಲಿ ನಡೆದ ಅವಘಡದ ಮೂಲ ಒಂದೇ ಬೈಟು. ಅದು ಸೊನ್ನೆಯಲ್ಲದಿದ್ದರೆ ಕಿರಣದ ದಾರಿಯನ್ನು ಪರೀಕ್ಷಿಸಬೇಕೆಂದು ಅರ್ಥ. ತಂತ್ರಾಂಶವು ಸುತ್ತುಸುತ್ತಿಗೂ ಅದಕ್ಕೆ ಒಂದನ್ನು ಕೂಡಿಸುತ್ತಿತ್ತು. ಬೈಟು ಹಿಡಿಯುವುದು 255ರವರೆಗೆ ಮಾತ್ರ. 256ನೆಯ ಸಲ ಅದು ಸೊನ್ನೆಯಾಗುತ್ತದೆ. ಸರಿಯಾಗಿ ಆ ಕ್ಷಣದಲ್ಲಿಯೇ ಗುಂಡಿಯೊತ್ತಲ್ಪಟ್ಟು ಪರೀಕ್ಷೆ ತಪ್ಪಿತು. ತಂತ್ರಾಂಶವು ಅಸೆಂಬ್ಲಿ ಭಾಷೆಯಲ್ಲಿದ್ದುದರಿಂದ ಬಗೆಗಳ ಕಾವಲೂ ಇರಲಿಲ್ಲ.

ಗಣಕದ ನೆನಪಿನಲ್ಲಿರುವುದು ಬರಿಯ ಅಂಕೆಗಳು. ಅವಕ್ಕೆ ಅರ್ಥ ಕೊಡುವುದು 'ಟೈಪ್', ಎಂದರೆ ಬಗೆ. 255 ಇರುವ ಅದೇ ಬೈಟನ್ನು ಋಣಚಿಹ್ನೆಯುಳ್ಳ ಬಗೆಯಾಗಿ ಓದಿದರೆ -1 ಆಗುತ್ತದೆ! 2009ರ ಜಿಡಿಬಿ 7.0ರಿಂದ ಮೊದಲ್ಗೊಂಡು ಪೈಥಾನ್ ಭಾಷೆಯಲ್ಲಿ ಇದನ್ನು ಪ್ರಶ್ನಿಸಬಹುದಾಗಿದೆ. ನಡುವೆ ನಿಲ್ಲಿಸಿದ ತಂತ್ರಾಂಶದಲ್ಲಿ 'ಪಾರ್ಸ್ ಅಂಡ್ ಇವಾಲ್' ಎಂಬ ಕರೆಗೆ ಚರದ ಹೆಸರನ್ನಿತ್ತರೆ ಮೌಲ್ಯ ದೊರೆಯುತ್ತದೆ. ಅದರ 'ಟೈಪ್' ಬಗೆಯನ್ನೂ, 'ಸೈಜ್‌ಆಫ್' ಬೈಟುಗಳ ಸಂಖ್ಯೆಯನ್ನೂ, 'ಫೀಲ್ಡ್ಸ್' ಒಳಗಿನ ಅಂಗಗಳನ್ನೂ ತಿಳಿಸುತ್ತವೆ. ಸಾವಿರ ವಸ್ತುಗಳಿದ್ದರೂ ಕೆಲವೇ ಸಾಲುಗಳ ಪೈಥಾನ್ ಒಂದೊಂದನ್ನೂ ತೆರೆದು, 255ನ್ನು ಮುಟ್ಟಿದ ಒಂಟಿಬೈಟಿನ ಎಣಿಕೆಗಳನ್ನು ಹೆಕ್ಕಿ ಕೊಡುತ್ತದೆ. ಬಗೆಯ ವಿವರಗಳೆಲ್ಲ ಸಿಗಬೇಕಾದರೆ ತಂತ್ರಾಂಶವನ್ನು '-ಜಿ' ಎಂಬ ಆಯ್ಕೆಯೊಡನೆ ಕಂಪೈಲ್ ಮಾಡಿರಬೇಕು. ಅವಸರದಲ್ಲಿ ಮರೆಯುವುದೂ ಇದನ್ನೇ.