ಬಾಣಂತಿಯ ಹೊಟ್ಟೆನೋವು ಮತ್ತು ಪಿತ್ತಕೋಶದ ಕಲ್ಲು

ಕಳೆದ ಮಾಘ ಮಾಸದ ಒಂದು ರಾತ್ರಿ 11 ಗಂಟೆಯ ಸುಮಾರಿಗೆ, ಶಿವಗಂಗೆಯ ಕಡೆಯ ಹಳ್ಳಿಯೊಂದರಿಂದ ಒಬ್ಬ ಬಾಣಂತಿಯನ್ನು ದಾಬಸ್‌ಪೇಟೆಯ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಚೊಚ್ಚಲ ಹೆರಿಗೆ, ಕೂಸಿಗೆ ಏಳು ವಾರ. ಹೊಟ್ಟೆಯ ಮೇಲ್ಭಾಗವನ್ನು ಅದುಮಿ ಹಿಡಿದು, ಕೂರಲೂ ಆಗದೆ ಮಲಗಲೂ ಆಗದೆ ಅತ್ತಿಂದಿತ್ತ ಓಡಾಡುತ್ತಿದ್ದಳು. "ಗ್ಯಾಸು ತುಂಬಿಕೊಂಡಿದೆ ಡಾಕ್ಟ್ರೇ, ಒಂದು ಚೂರ್ಣ ಕೊಡಿ. ಮಗು ಹಸಿದು ಅಳ್ತಾ ಇದೆ, ಬೇಗ ಹೋಗಬೇಕು" ಎಂದರು ಅವಳ ತಾಯಿ. ಇದೇ ಬಗೆಯ ನೋವು ಅದು ಮೂರನೆಯ ಸಲ. ಮೂರು ಸಲವೂ ಮನೆಯವರೆಲ್ಲ ಅದನ್ನು ಗ್ಯಾಸ್ಟ್ರಿಕ್ ಎಂದೇ ಕರೆದಿದ್ದರು.

ನಾವು ಚೂರ್ಣ ಕೊಡಲಿಲ್ಲ. ಕಾರಣ ಹೇಳುವ ಮುನ್ನ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ಇಂಥದೇ ಒಬ್ಬ ತಾಯಿಗೆ ಅಮ್ಲಪಿತ್ತವೆಂದು ಬಗೆದು ಮೂರು ವಾರ ಔಷಧಿ ಕೊಟ್ಟೆವು. ನಾಲ್ಕನೆಯ ವಾರ ಅವಳ ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತು. ಕಲ್ಲು ಪಿತ್ತಕೋಶದಿಂದ ಜಾರಿ ಪಿತ್ತನಾಳಕ್ಕೆ ಅಡ್ಡವಾಗಿತ್ತು. ಆಕೆ ಬದುಕಿದಳು. ಆದರೆ ಕೂಸನ್ನು ಬಿಟ್ಟು ಎರಡು ವಾರಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿರಬೇಕಾಯಿತು; ಎದೆಹಾಲು ಬತ್ತಿಹೋಯಿತು. ಅಂದಿನಿಂದ ಬಾಣಂತಿಯ ಹೊಟ್ಟೆನೋವನ್ನು ನಾವು ಲಘುವಾಗಿ ಎಣಿಸಿಲ್ಲ.

ಯಕೃತ್ತಿನ ಅಡಿಯಲ್ಲಿರುವ ಪಿತ್ತಕೋಶವು ಸಣ್ಣ ಚೀಲ. ಸುಮಾರು 30ರಿಂದ 50 ಮಿಲಿಲೀಟರ್ ಪಿತ್ತರಸವನ್ನು ಹಿಡಿಯುತ್ತದೆ. ಜಿಡ್ಡಿನ ಆಹಾರ ಕರುಳಿಗೆ ಇಳಿದಾಗ ಅದು ಹಿಂಡಿಕೊಂಡು ರಸವನ್ನು ಹೊರಬಿಡುತ್ತದೆ. ಗರ್ಭಿಣಿಯಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ನಡೆಯುತ್ತವೆ. ಈಸ್ಟ್ರೋಜನ್ ಹೆಚ್ಚಿ ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಅಂಶ ಏರುತ್ತದೆ; ಪ್ರೊಜೆಸ್ಟರಾನ್‌ನಿಂದಾಗಿ ಚೀಲವು ಹಿಂಡಿಕೊಳ್ಳುವ ಶಕ್ತಿ ಕುಗ್ಗುತ್ತದೆ. ನಿಂತ ನೀರಿನಲ್ಲಿ ಕೆಸರು ಕೂಡುವಂತೆ ಅಲ್ಲಿ ಮೊದಲು ಗಸಿ, ಆಮೇಲೆ ಹರಳು ಕಟ್ಟುತ್ತದೆ. ಹೆರಿಗೆಯ ನಂತರ ಈ ಗಸಿ ಅನೇಕರಲ್ಲಿ ತಾನಾಗಿಯೇ ಕರಗುತ್ತದೆ, ಕೆಲವರಲ್ಲಿ ಸಣ್ಣ ಹರಳುಗಳೂ ಮಾಯವಾಗುತ್ತವೆ. ಉಳಿದವರಲ್ಲಿ ಅದೇ ಸಮಯದಲ್ಲಿ ಚೀಲವು ಮತ್ತೆ ಬಲವಾಗಿ ಹಿಂಡಿಕೊಳ್ಳತೊಡಗಿ, ಕಲ್ಲು ಅದರ ಕತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಸುರಿನಲ್ಲಿ ಇಲ್ಲದ ನೋವು ಬಾಣಂತನದಲ್ಲಿ ಏಕೆ ಬಂತೆಂದು ಕೇಳುವವರಿಗೆ ಉತ್ತರ ಇದೇ.

ಈ ನೋವಿಗೆ ತನ್ನದೇ ಗುರುತುಗಳಿವೆ. ಊಟವಾಗಿ ಒಂದೆರಡು ಗಂಟೆಗೆ, ಹೆಚ್ಚಾಗಿ ರಾತ್ರಿಯ ಹೊತ್ತು, ಎದೆಗುಂಡಿಗೆಯ ಕೆಳಗೆ ಅಥವಾ ಬಲಪಕ್ಕೆಯಲ್ಲಿ ಹತ್ತಿಕೊಳ್ಳುತ್ತದೆ. ಬೆನ್ನಿಗೆ ಅಥವಾ ಬಲ ಹೆಗಲಿನ ಹಿಂಭಾಗಕ್ಕೆ ಹರಿಯುತ್ತದೆ. ಅರ್ಧ ಗಂಟೆಯಿಂದ ನಾಲ್ಕೈದು ಗಂಟೆಯವರೆಗೆ ಒಂದೇ ಸಮನೆ ಇದ್ದು, ನಂತರ ಏನೂ ಆಗಿಯೇ ಇಲ್ಲವೆಂಬಂತೆ ಇಳಿದುಬಿಡುತ್ತದೆ. ತೇಗು ಬಂದರೆ, ಮಲವಿಸರ್ಜನೆಯಾದರೆ ಕಡಿಮೆಯಾಗುವುದಿಲ್ಲ. ಇಳಿದುಹೋಗುವ ಈ ಗುಣವೇ ಜನರನ್ನು ಮೋಸಗೊಳಿಸುತ್ತದೆ. ಜೀರಿಗೆ ಕಷಾಯ ಕುಡಿದ ಮೇಲೆ ಇಳಿದರೆ ಕಷಾಯದಿಂದಲೇ ಇಳಿಯಿತೆಂದು ಎಲ್ಲರೂ ನಂಬುತ್ತಾರೆ. ಇನ್ನೊಂದು ಮಾತು: ಹೆರಿಗೆಯಾದ ಮೊದಲ ಆರು ವಾರಗಳಲ್ಲಿ ಬಲಪಕ್ಕೆ ನೋವಿನ ಜೊತೆ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಅದು ರಕ್ತದೊತ್ತಡ ಏರಿರುವ ಸೂಚನೆಯಾಗಿರಬಹುದು. ಕಲ್ಲಿನ ಯೋಚನೆಗಿಂತ ಮೊದಲು ಬಿ.ಪಿ. ಅಳೆಯಿಸಬೇಕು.

ನೋವು ಹತ್ತಿದಾಗ ಏನನ್ನೂ ತಿನ್ನಿಸಬಾರದು. ವಾಂತಿಯಿಲ್ಲದಿದ್ದರೆ ಗುಟುಕು ಗುಟುಕಾಗಿ ನೀರು ಕೊಡಬಹುದು. ಹೊಟ್ಟೆ ನೀವುವುದು, ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವುದು ಎರಡೂ ಬೇಡ. ನೋವು ಯಾವಾಗ ಶುರುವಾಯಿತೆಂದು ಗಡಿಯಾರ ನೋಡಿ ಬರೆದಿಡಿ. ಆರು ಗಂಟೆ ಮೀರಿದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾಗಿ ಮೂತ್ರ ಕಪ್ಪು ಚಹಾದಂತಾದರೆ, ಬೆನ್ನಿಗೆ ಇರಿಯುವ ನೋವಿನೊಡನೆ ವಾಂತಿ ನಿಲ್ಲದಿದ್ದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಪಿತ್ತಕೋಶದ ಉರಿಯೂತ, ಪಿತ್ತನಾಳದ ಸೋಂಕು, ಮೇದೋಜೀರಕ ಗ್ರಂಥಿಯ ಊತ ಇವು ಮೂರೂ ಪ್ರಾಣಕ್ಕೆ ಎರವಾಗಬಲ್ಲವು.

ನಮ್ಮ ಕಡೆಯ ಬಾಣಂತನದ ಅಡುಗೆಯ ವಿಷಯಕ್ಕೆ ಬರೋಣ. ಅಂಟಿನುಂಡೆ, ಕೊಬ್ಬರಿ, ಅನ್ನ ಮುಳುಗುವಷ್ಟು ತುಪ್ಪ. ಇದನ್ನು ಹೀಗಳೆಯುವ ಉದ್ದೇಶ ನಮ್ಮದಲ್ಲ. ಆದರೆ ಸೂತಿಕೆಗೆ ಸ್ನೇಹವನ್ನು ವಿಧಿಸುವ ಚರಕಸಂಹಿತೆಯೇ ಆಕೆಗೆ ಹಸಿವಾಗಿದೆಯೆ, ದೇಹಕ್ಕೆ ಒಗ್ಗುತ್ತದೆಯೆ, ಶಕ್ತಿಯಿದೆಯೆ ಎಂದು ನೋಡಿ ಕೊಡಲು ಹೇಳುತ್ತದೆ. ಆ ಅರ್ಧವನ್ನು ನಾವು ಮರೆತು ತುಪ್ಪವನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಕಲ್ಲಿರುವವಳಿಗೆ ಒಮ್ಮೆಲೇ ಹೆಚ್ಚು ಜಿಡ್ಡು ಬೇಡ. ಹಾಗೆಂದು ಹೆದರಿ ಊಟ ಬಿಡುವುದು ಇನ್ನೂ ಕೆಡುಕು: ಉಪವಾಸದಿಂದ ಪಿತ್ತ ನಿಂತಲ್ಲೇ ನಿಲ್ಲುತ್ತದೆ, ತೂಕ ಬೇಗ ಇಳಿದರೆ ಹೊಸ ಕಲ್ಲು ಕಟ್ಟುತ್ತದೆ, ಹಾಲೂಡಿಸುವವಳ ಮೈ ಸೊರಗುತ್ತದೆ. ರಾಗಿಮುದ್ದೆ, ಬೇಳೆಸಾರು, ಸೊಪ್ಪು, ಕೆನೆ ತೆಗೆದ ಮಜ್ಜಿಗೆಯನ್ನು ಸ್ವಲ್ಪಸ್ವಲ್ಪವಾಗಿ ನಾಲ್ಕೈದು ಬಾರಿ ಕೊಡಿ. ತುಪ್ಪ ಚಮಚದ ಲೆಕ್ಕದಲ್ಲಿರಲಿ. ಬಾಣಂತಿಗೆ ನೀರು ಕೊಡಬಾರದೆಂಬ ಪದ್ಧತಿಯನ್ನು ಮಾತ್ರ ಪೂರ್ತಿ ಬಿಟ್ಟುಬಿಡಿ. ಈ ಪಥ್ಯದಿಂದ ನೋವು ಬರುವುದು ಕಡಿಮೆಯಾಗುತ್ತದೆ, ಕಲ್ಲು ಹೋಗುವುದಿಲ್ಲ.

"ನಿಮ್ಮ ಔಷಧಿಯಲ್ಲಿ ಕರಗಿಸಲು ಆಗದೆ?" ಎಂದು ಆ ತಾಯಿ ಕೇಳಿದರು. ಆಯುರ್ವೇದ ವೈದ್ಯರಾದ ನಮ್ಮನ್ನು ಎಲ್ಲರೂ ಕೇಳುವ ಪ್ರಶ್ನೆಯಿದು. ಸುಶ್ರುತರು ವಿವರಿಸಿರುವ ಅಶ್ಮರಿ ಮೂತ್ರಮಾರ್ಗದ್ದು. ಪಿತ್ತಾಶ್ಮರಿಯೆಂಬ ಹೆಸರು ಈಚಿನವರು ಕೂಡಿಸಿದ್ದು. ಮೂತ್ರದ ಕಲ್ಲಿಗೆ ಕೊಡುವ ಪಾಷಾಣಭೇದವನ್ನೋ ಹುರುಳಿ ಕಟ್ಟನ್ನೋ ಕೊಟ್ಟು ಪಿತ್ತಕೋಶದ ಕಲ್ಲು ಕರಗುತ್ತದೆಂದು ಭರವಸೆ ಕೊಡಲು ನಮ್ಮ ಅನುಭವ ಒಪ್ಪುವುದಿಲ್ಲ. ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದು ಮರುದಿನ ಮಲದಲ್ಲಿ ಹಸಿರು ಉಂಡೆಗಳನ್ನು ತೋರಿಸುವವರೂ ಇದ್ದಾರೆ. ಅವು ಕಲ್ಲುಗಳಲ್ಲ, ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು. ಅಲೋಪಥಿಯ ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಸುಣ್ಣಗಟ್ಟದ ಸಣ್ಣ ಕೊಲೆಸ್ಟ್ರಾಲ್ ಹರಳುಗಳನ್ನು ಕೆಲವರಲ್ಲಿ ಕರಗಿಸುತ್ತದೆ. ಅದಕ್ಕೂ ತಿಂಗಳುಗಟ್ಟಲೆ ಬೇಕು, ಬಿಟ್ಟ ಮೇಲೆ ಅನೇಕರಲ್ಲಿ ಕಲ್ಲು ಮರಳುತ್ತದೆ.

ಸ್ಕ್ಯಾನಿಂಗಿನಲ್ಲಿ ಆಕಸ್ಮಿಕವಾಗಿ ಕಂಡ, ನೋವು ಕೊಡದ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ. ನೋವು ಮರುಕಳಿಸುತ್ತಿದ್ದರೆ ಪಿತ್ತಕೋಶವನ್ನೇ ತೆಗೆಸುವುದು ಸರಿಯಾದ ದಾರಿ. 1882ರಲ್ಲಿ ಬರ್ಲಿನ್ನಿನ ಲಾಂಗೆನ್‌ಬುಕ್ ಮೊದಲು ಮಾಡಿದ ಈ ಶಸ್ತ್ರಚಿಕಿತ್ಸೆ ಈಗ ಲ್ಯಾಪರೋಸ್ಕೋಪಿಯಿಂದ ನಾಲ್ಕು ಸಣ್ಣ ರಂಧ್ರಗಳ ಮೂಲಕ ಆಗುತ್ತದೆ. 1990ರಲ್ಲಿ ಮುಂಬೈಯಲ್ಲಿ ಡಾ. ಉದ್ವಾಡಿಯಾ ಅದನ್ನು ನಮ್ಮ ದೇಶಕ್ಕೆ ತಂದರು. ಬಹುತೇಕರು ಒಂದೆರಡು ದಿನದಲ್ಲಿ ಮನೆಗೆ ಮರಳುತ್ತಾರೆ. ಪಿತ್ತಕೋಶವಿಲ್ಲದೆ ಜೀರ್ಣ ಹೇಗೆ ಎಂಬ ಅಂಜಿಕೆ ಬೇಡ. ಪಿತ್ತರಸವನ್ನು ತಯಾರಿಸುವುದು ಯಕೃತ್ತು. ಆ ಚೀಲ ಕೇವಲ ಉಗ್ರಾಣ. ಕಲ್ಲು ಪಿತ್ತನಾಳಕ್ಕೆ ಇಳಿದಿದ್ದರೆ ಮೊದಲು ಬಾಯಿಯ ಮೂಲಕ ಎಂಡೋಸ್ಕೋಪಿ ನಳಿಕೆ ಇಳಿಸಿ ಅದನ್ನು ತೆಗೆಯುತ್ತಾರೆ. ಪಿತ್ತನಾಳ, ಸ್ಟೆಂಟ್ ಎಂಬ ಮಾತುಗಳು ನಮ್ಮ ಭಕ್ತಜನರಿಗೆ ಹೊಸವಲ್ಲ. 2018ರಲ್ಲಿ ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಸ್ವಾಮಿಗಳ ಪಿತ್ತನಾಳದ ತೊಂದರೆಯ ಸುದ್ದಿಯನ್ನು ನಾಡೆಲ್ಲ ಪ್ರತಿದಿನ ಆತಂಕದಿಂದ ಕೇಳಿದೆ.

ಬಾಣಂತನ ಮುಗಿಯಲಿ, ಐದು ತಿಂಗಳು ಕಳೆಯಲಿ ಎಂದು ಮನೆಯ ಹಿರಿಯರು ಹೇಳುವುದು ಪ್ರೀತಿಯಿಂದಲೇ. ಮೂರು ಸಲ ನೋವು ಬಂದವಳು ಆ ಐದು ತಿಂಗಳಲ್ಲಿ ಕಾಮಾಲೆಗೆ ಗುರಿಯಾದರೆ ಮಗುವಿನಿಂದ ಅಗಲಬೇಕಾದ ದಿನಗಳೇ ಹೆಚ್ಚು. ಸಿಸೇರಿಯನ್ ಆಗಿದ್ದರೆ ಸಮಯವನ್ನು ಶಸ್ತ್ರವೈದ್ಯರು ನಿರ್ಧರಿಸಲಿ. ಹಾಲು ನಿಲ್ಲಿಸಬೇಕಿಲ್ಲ. ಚಿಕಿತ್ಸೆಯ ಹಿಂದಿನ ದಿನಗಳಲ್ಲಿ ಹಾಲು ಹಿಂಡಿ ತಣ್ಣಗಿಟ್ಟುಕೊಳ್ಳಬಹುದು. ಅರಿವಳಿಕೆಯಿಂದ ಪೂರ್ಣ ಎಚ್ಚೆತ್ತು ಮಗುವನ್ನು ಹಿಡಿಯುವ ಸ್ಥಿತಿ ಬಂದ ಮೇಲೆ ಊಡಿಸಬಹುದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಹಾಲೂಡಿಸುವವರಿಗೆ ಸಲ್ಲುತ್ತವೆ. ಕೋಡೀನ್, ಟ್ರಮಡಾಲ್ ಬೇಡವೆಂದು ಮೊದಲೇ ಹೇಳಿಬಿಡಿ. ಹೊಟ್ಟೆಗೆ ಕೂಸಿನ ಕಾಲು ತಾಗದಂತೆ ಪಕ್ಕಕ್ಕೆ ಮಲಗಿ ಊಡಿಸುವುದು ಸುಲಭ. ಕೂಸನ್ನು ಎತ್ತಬಹುದು, ನೀರಿನ ಕೊಡ, ಅಕ್ಕಿಚೀಲ ಕೆಲವು ವಾರ ಬೇರೆಯವರ ಪಾಲಿಗಿರಲಿ. ಬಿ.ಪಿ.ಎಲ್. ಕಾರ್ಡ್ ಇರುವವರು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ ಮುಂದುವರಿಯುವುದು ಒಳ್ಳೆಯದು.

ಅಂದು ರಾತ್ರಿ ಆ ಮಗಳನ್ನು ತುಮಕೂರಿಗೆ ಕಳುಹಿಸಿದೆವು. ಸ್ಕ್ಯಾನಿಂಗಿನಲ್ಲಿ ಹಲವು ಸಣ್ಣ ಕಲ್ಲುಗಳು ಕಂಡವು. ನಾಳದಲ್ಲಿ ಯಾವುದೂ ಇರಲಿಲ್ಲ. ಅತ್ತೆಯ ಮನೆಯವರು ಎರಡು ದಿನ ಒಪ್ಪಲಿಲ್ಲ. ನಾವೇ ಹೋಗಿ, ಹಳೆಯ ರೋಗಿಯ ಕಥೆಯನ್ನು ಅವರ ಜಗಲಿಯಲ್ಲಿ ಕುಳಿತು ಹೇಳಿದೆವು. ಮುಂದಿನ ವಾರ ಶಸ್ತ್ರಚಿಕಿತ್ಸೆ ಆಯಿತು. ವಾರ್ಡಿನ ಹೊರಗೆ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಾದು ಕುಳಿತಿದ್ದವರು ಆ ಅತ್ತೆಯೇ. ಸಂಜೆ ಸೊಸೆಗೆ ಎಚ್ಚರವಾದ ಮೇಲೆ ಕೂಸನ್ನು ಅವಳ ಮಗ್ಗುಲಿಗೆ ಮಲಗಿಸಿದವರೂ ಅವರೇ.