ತಾಲಿ-ಇಹಂತಲ: ಸೋತ ಯುದ್ಧದಲ್ಲಿ ಗೆದ್ದ ಕದನ

ಎರಡನೆಯ ಮಹಾಯುದ್ಧವೆಂದೊಡನೆ ನಮಗೆ ನೆನಪಾಗುವ ರಣರಂಗಗಳು ಸ್ಟಾಲಿನ್‌ಗ್ರಾಡ್, ಎಲ್ ಅಲಮೇನ್, ನಾರ್ಮಂಡಿ ಮೊದಲಾದುವು. ೧೯೪೪ನೆಯ ಇಸವಿ ಜೂನ್ ೬ರಂದು ಮಿತ್ರಪಕ್ಷದ ಸೇನೆ ನಾರ್ಮಂಡಿಯ ದಂಡೆಯಲ್ಲಿ ಇಳಿದ ಸಂಗತಿಯನ್ನು ಅರಿಯದ ಇತಿಹಾಸದ ವಿದ್ಯಾರ್ಥಿಯಿಲ್ಲ. ಆದರೆ ಅದಾದ ಮೂರೇ ದಿನಕ್ಕೆ, ಯೂರೋಪಿನ ಉತ್ತರದಲ್ಲಿ, ಸುಮಾರು ೩೭ ಲಕ್ಷ ಜನಸಂಖ್ಯೆಯ ಒಂದು ಪುಟ್ಟ ದೇಶದ ಅಳಿವು ಉಳಿವುಗಳನ್ನು ನಿರ್ಣಯಿಸುವ ಕಾಳಗ ಆರಂಭವಾಯಿತೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆ ದೇಶ ಫಿನ್ಲೆಂಡ್. ಯುದ್ಧದಲ್ಲಿ ಅದು ಸೋತಿತು, ಆದರೂ ಉಳಿಯಿತು. ಸೋತ ದೇಶ ಉಳಿದುದು ಹೇಗೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಹಿನ್ನೆಲೆ

ಫಿನ್ಲೆಂಡ್ ಮೊದಲು ಸ್ವೀಡನ್ನಿನ ಕೈಕೆಳಗೂ ೧೮೦೯ರಿಂದ ರಷ್ಯದ ಚಕ್ರವರ್ತಿಗಳ ಕೈಕೆಳಗೂ ಇದ್ದು, ೧೯೧೭ರ ಡಿಸೆಂಬರ್ ೬ರಂದು ಸ್ವಾತಂತ್ರ್ಯವನ್ನು ಘೋಷಿಸಿಕೊಂಡಿತು. ೧೯೩೯ರ ನವೆಂಬರ್ ೩೦ರಂದು ಸೋವಿಯೆತ್ ಸೇನೆ ಅದರ ಮೇಲೆ ಏರಿ ಬಂತು. ಇದೇ 'ಚಳಿಗಾಲದ ಯುದ್ಧ'. ಹಿಮದಲ್ಲಿ ನೂರೈದು ದಿನ ಹೋರಾಡಿದ ಮೇಲೆ, ೧೯೪೦ರ ಮಾರ್ಚ್‌ನಲ್ಲಿ ಫಿನ್ಲೆಂಡ್ ಕರೇಲಿಯ ಪ್ರಾಂತದ ಬಹುಭಾಗವನ್ನೂ ವೀಪುರಿ ನಗರವನ್ನೂ ಬಿಟ್ಟುಕೊಟ್ಟು ಸಂಧಿ ಮಾಡಿಕೊಂಡಿತು. ನಾಲ್ಕು ಲಕ್ಷಕ್ಕೂ ಮಿಕ್ಕ ಜನ ಮನೆಮಠ ತೊರೆದು ಪಶ್ಚಿಮಕ್ಕೆ ಬಂದರು.

ಕಳೆದುಕೊಂಡುದನ್ನು ಮರಳಿ ಪಡೆಯುವ ಆಸೆ ೧೯೪೧ರಲ್ಲಿ ಫಿನ್ಲೆಂಡನ್ನು ಹಿಟ್ಲರನ ಜರ್ಮನಿಯ ಜೊತೆಗೆ ನಿಲ್ಲಿಸಿತು. ಫಿನ್ನರ ಸೇನೆ ಹಳೆಯ ಗಡಿಯನ್ನು ಮುಟ್ಟಿದುದಲ್ಲದೆ, ಅದನ್ನು ದಾಟಿ ಪೂರ್ವ ಕರೇಲಿಯವನ್ನೂ ಆಕ್ರಮಿಸಿತು. ಅಲ್ಲಿ ಶಿಬಿರಗಳಲ್ಲಿ ಕೂಡಿಹಾಕಲ್ಪಟ್ಟ ರಷ್ಯನ್ ನಾಗರಿಕರಲ್ಲಿ ಸಾವಿರಾರು ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರು. ಲೆನಿನ್‌ಗ್ರಾಡ್ ನಗರಕ್ಕೆ ಬಿದ್ದ ಮುತ್ತಿಗೆಯ ಉತ್ತರದ ಅಂಚನ್ನು ಕಾಯುತ್ತಿದ್ದವರೂ ಫಿನ್ನರೇ. ಈ ಸಂಗತಿಗಳನ್ನು ಮರೆಮಾಚಿ ಮುಂದಿನ ಕಥೆಯನ್ನು ಹೇಳುವುದು ಇತಿಹಾಸವಾಗದು.

ಜೂನ್ ತಿಂಗಳ ಪೆಟ್ಟು

೧೯೪೪ರ ಜನವರಿಯಲ್ಲಿ ಲೆನಿನ್‌ಗ್ರಾಡಿನ ಮುತ್ತಿಗೆ ಪೂರ್ಣವಾಗಿ ಮುರಿಯಿತು. ಜೂನ್ ೯ರಂದು ಫಿನ್ಲೆಂಡ್ ಕೊಲ್ಲಿಗೂ ಲಡೋಗ ಸರೋವರಕ್ಕೂ ನಡುವೆ ಇರುವ ಕರೇಲಿಯದ ಭೂಸಂಧಿಯ ಮೇಲೆ ಸೋವಿಯೆತ್ ಫಿರಂಗಿಗಳೂ ವಿಮಾನಗಳೂ ಬೆಂಕಿಯ ಮಳೆ ಸುರಿಸತೊಡಗಿದವು. ಮರುದಿನ ವಾಲ್ಕೆಅಸಾರಿಯ ಬಳಿ ಫಿನ್ನರ ಮೊದಲ ಸಾಲು ಒಡೆಯಿತು. ದಾಳಿಯ ನಾಯಕ ಗೋವೊರೊವ್. ಎರಡನೆಯ ಸಾಲು ಜೂನ್ ಮಧ್ಯದಲ್ಲಿ ಕೂಟರ್‌ಸೆಲ್ಕದಲ್ಲಿ ಒಡೆಯಿತು. ಜೂನ್ ೨೦ರಂದು ವೀಪುರಿ ಹೆಚ್ಚಿನ ಹೋರಾಟವಿಲ್ಲದೆಯೇ ಬಿತ್ತು. ಹನ್ನೊಂದು ದಿನಗಳಲ್ಲಿ ಸುಮಾರು ನೂರು ಕಿಲೋಮೀಟರು ನೆಲ ಹೋಯಿತು. ತಮ್ಮ ದಳಗಳನ್ನು ಬಿಟ್ಟು ಚದುರಿದ ಸಿಪಾಯಿಗಳೂ ಕಡಮೆಯಿರಲಿಲ್ಲ.

ಸಂಧಿಗಾಗಿ ಕೈಚಾಚಿದ ಫಿನ್ಲೆಂಡಿಗೆ ಮಾಸ್ಕೋದಿಂದ ಬಂದ ಉತ್ತರ ಕಠಿನವಾಗಿತ್ತು: ಶರಣಾಗಲು ಸಿದ್ಧವೆಂದು ಮೊದಲು ಬರೆದು ಕೊಡಿರಿ. ಇದನ್ನು ಫಿನ್ನರು ಬೇಷರತ್ತಾದ ಶರಣಾಗತಿಯೆಂದೇ ಅರ್ಥಮಾಡಿಕೊಂಡರು.

ಕಲ್ಲುಬಂಡೆಗಳ ನಡುವೆ

ವೀಪುರಿಯ ಈಶಾನ್ಯಕ್ಕೆ ತಾಲಿ, ಅದರಿಂದ ಉತ್ತರಕ್ಕೆ ಇಹಂತಲ. ಎರಡೂ ಹಳ್ಳಿಗಳೇ. ಸುತ್ತಲೂ ಸರೋವರಗಳು, ಕಾಡು, ಬಂಡೆಗಲ್ಲುಗಳು. ಟ್ಯಾಂಕುಗಳು ಸಾಗಬಹುದಾದ ದಾರಿ ಕಿರಿದು. ಇದನ್ನು ದಾಟಿದರೆ ಮುಂದೆ ದೇಶದ ಒಳನಾಡಿಗೆ ಹಾದಿ ತೆರೆದಂತೆಯೇ. ಆದುದರಿಂದಲೇ ಈ ಬಾಗಿಲಿನಲ್ಲಿ ಇಬ್ಬರೂ ತಮ್ಮ ಸರ್ವಬಲವನ್ನೂ ಒಡ್ಡಿದರು. ಜೂನ್ ೨೫ರಿಂದ ಜುಲೈ ೯ರವರೆಗೆ ನಡೆದ ಈ ಕಾಳಗವು ಉತ್ತರ ಯೂರೋಪಿನ ದೇಶಗಳು ಕಂಡ ಅತಿ ದೊಡ್ಡ ಕದನವೆಂದು ಹೆಸರಾಗಿದೆ.

ಫಿನ್ನರ ಮಹಾದಂಡನಾಯಕ ಮಾನರ್‌ಹೈಮ್. ಈತ ೧೯೧೭ರವರೆಗೆ ಮೂವತ್ತು ವರ್ಷ ರಷ್ಯದ ಚಕ್ರವರ್ತಿಯ ಸೇನೆಯಲ್ಲಿಯೇ ಅಧಿಕಾರಿಯಾಗಿದ್ದವನು. ಪೂರ್ವ ಕರೇಲಿಯದಲ್ಲಿದ್ದ ದಳಗಳನ್ನು ರೈಲುಗಳಲ್ಲಿ ಅವಸರವಾಗಿ ಇಲ್ಲಿಗೆ ತರಿಸಿದರು. ಜರ್ಮನಿಯಿಂದ ವಿಮಾನದಳವೊಂದು ಬಂತು. ಸಿಪಾಯಿಯೇ ಹೊತ್ತು ಹಾರಿಸಬಹುದಾದ, ಟ್ಯಾಂಕನ್ನು ಸೀಳುವ ಪಾಂಜರ್‌ಫೌಸ್ಟ್ ಎಂಬ ಆಯುಧಗಳೂ ಬಂದವು.

ಆದರೆ ಕದನದ ಗತಿಯನ್ನು ಬದಲಿಸಿದುದು ಮುಖ್ಯವಾಗಿ ಫಿರಂಗಿ; ಫಿರಂಗಿಯ ಹಿಂದೆ ಗಣಿತ. ಇದನ್ನು ಸ್ವಲ್ಪ ವಿವರಿಸಬೇಕು. ಮುಂದಿನ ಸಾಲಿನಲ್ಲಿ ಅಡಗಿ ಕುಳಿತ ವೀಕ್ಷಕನು ಗುಂಡು ಬಿದ್ದ ಜಾಗವನ್ನು ನೋಡಿ, 'ಬಲಕ್ಕೆ ಇಷ್ಟು, ಹಿಂದಕ್ಕೆ ಇಷ್ಟು' ಎಂದು ತಿಳಿಸುತ್ತಾನೆ. ಆದರೆ ಫಿರಂಗಿಗಳು ಅವನಿಂದ ಹಲವು ಮೈಲಿ ದೂರ, ಬೇರೆ ಬೇರೆ ದಿಕ್ಕುಗಳಲ್ಲಿ ಇರುತ್ತವೆ. ಅವನ ಬಲ ಫಿರಂಗಿಯ ಬಲವಲ್ಲ. ಪ್ರತಿಯೊಂದಕ್ಕೂ ಬೇರೆ ಲೆಕ್ಕ ಹಾಕುತ್ತ ಕುಳಿತರೆ ಶತ್ರು ಜಾಗ ಬದಲಿಸಿರುತ್ತಾನೆ. ಜನರಲ್ ನೆನೊನೆನ್ ರೂಪಿಸಿದ ಸರಳ ಸಾಧನವೊಂದು ಈ ತೊಡಕನ್ನು ಬಿಡಿಸಿತು. ವೀಕ್ಷಕನು ತಾನು ಕಂಡಂತೆ ಹೇಳಿದರೆ ಸಾಕು. ಪ್ರತಿಯೊಂದು ಫಿರಂಗಿ ದಳವೂ ಅದನ್ನು ತನ್ನ ಕೋನಕ್ಕೆ ತಕ್ಷಣ ಪರಿವರ್ತಿಸಿಕೊಳ್ಳುತ್ತಿತ್ತು. ಇದರಿಂದ ಹತ್ತಾರು ದಿಕ್ಕುಗಳಲ್ಲಿದ್ದ, ಸುಮಾರು ೨೫೦ ಫಿರಂಗಿಗಳ ಬೆಂಕಿಯನ್ನು ಒಂದೇ ಗುರಿಯ ಮೇಲೆ ಕೆಲವೇ ನಿಮಿಷಗಳಲ್ಲಿ ಕೂಡಿಸಲು ಸಾಧ್ಯವಾಯಿತು.

ಜುಲೈ ೩ರ ಪ್ರಸಂಗ ಇದಕ್ಕೆ ನಿದರ್ಶನ. ಅಂದು ಬೆಳಗಿನ ಜಾವ ನಾಲ್ಕು ಗಂಟೆಗೆ ದಾಳಿ ಎಂಬ ಸೋವಿಯೆತ್ ಸೇನೆಯ ನಿಸ್ತಂತು ಸಂದೇಶ ಫಿನ್ನರ ಕಿವಿಗೆ ಬಿತ್ತು. ನಾಲ್ಕು ಬಡಿಯುವುದಕ್ಕೆ ಮುನ್ನವೇ, ದಾಳಿಗೆಂದು ಗುಂಪುಗೂಡಿದ್ದ ದಳಗಳ ಮೇಲೆ ಫಿರಂಗಿಗಳೂ ವಿಮಾನಗಳೂ ಒಟ್ಟಿಗೆ ಎರಗಿದವು. ಮುಂದಿನ ಕೆಲವು ದಿನ ದಾಳಿಗಳು ಮರುಕಳಿಸಿದರೂ ಸಾಲು ಒಡೆಯಲಿಲ್ಲ. ವೀಪುರಿಯ ಕೊಲ್ಲಿ, ವುಒಸಾಲ್ಮಿಗಳಲ್ಲಿಯೂ ರಕ್ಷಣೆ ನಿಂತಿತು. ಪೂರ್ವದ ಇಲೊಮಾಂತ್ಸಿಯಲ್ಲಿ ಆಗಸ್ಟ್ ತಿಂಗಳಲ್ಲಿ ಎರಡು ಸೋವಿಯೆತ್ ಡಿವಿಜನ್ನುಗಳೇ ಹಿಮ್ಮೆಟ್ಟಿದವು. ತಾಲಿ-ಇಹಂತಲ ಒಂದರಲ್ಲಿಯೇ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಫಿನ್ನರು ಕಳೆದುಕೊಂಡವರ ಸಂಖ್ಯೆ ಸುಮಾರು ೮,೫೦೦. ಸೋವಿಯೆತ್ ಪಕ್ಷದ ನಷ್ಟ ಇದಕ್ಕಿಂತ ಬಹಳ ಹೆಚ್ಚು.

ಒಂದು ಸಹಿ

ಜರ್ಮನಿಯ ನೆರವು ಉಚಿತವಾಗಿರಲಿಲ್ಲ. ತನ್ನ ಒಪ್ಪಿಗೆಯಿಲ್ಲದೆ ಫಿನ್ಲೆಂಡ್ ಸಂಧಿ ಮಾಡಿಕೊಳ್ಳಬಾರದೆಂದು ಅದು ಹಟ ಹಿಡಿಯಿತು. ಜೂನ್ ೨೬ರಂದು ಅಧ್ಯಕ್ಷ ರಿಸ್ತೊ ರ್ಯೂತಿ ಆ ವಾಗ್ದಾನಕ್ಕೆ ಸಹಿ ಮಾಡಿದನು. ಆದರೆ ಪಾರ್ಲಿಮೆಂಟಿನ ಮುಂದೆ ಇಡದೆ, ತನ್ನ ಸ್ವಂತ ಹೆಸರಿನ ಪತ್ರದಲ್ಲಿ. ಆಗಸ್ಟ್ ೧ರಂದು ಆತ ರಾಜೀನಾಮೆ ಇತ್ತನು. ಅವನ ಸ್ಥಾನಕ್ಕೆ ಬಂದ ಮಾನರ್‌ಹೈಮ್, ಆ ಮಾತು ತನ್ನನ್ನಾಗಲಿ ದೇಶವನ್ನಾಗಲಿ ಕಟ್ಟದೆಂದು ಜರ್ಮನರಿಗೆ ತಿಳಿಸಿದನು. ಯುದ್ಧಾನಂತರದ ವಿಚಾರಣೆಯಲ್ಲಿ ರ್ಯೂತಿಗೆ ಹತ್ತು ವರ್ಷ ಸೆರೆಯಾಯಿತು. ೧೯೪೯ರಲ್ಲಿ ಕ್ಷಮೆ ದೊರೆಯಿತು. ಒಬ್ಬನ ಮಾತು ಕೆಟ್ಟು ದೇಶಕ್ಕೆ ಬಿಡುಗಡೆಯಾದುದು ಹೀಗೆ. ಇದು ಧರ್ಮವೋ ಚಾತುರ್ಯವೋ ಎಂಬುದನ್ನು ನಮ್ಮ ತರಗತಿಯ ಚರ್ಚಾಕೂಟದಲ್ಲಿ ಒಂದು ದಿನವಿಡೀ ವಾದಿಸಬಹುದು.

ತೆತ್ತ ಬೆಲೆ

ಸೆಪ್ಟೆಂಬರ್ ಮೊದಲ ವಾರದಲ್ಲಿ ತೋಪುಗಳು ನಿಂತವು. ೧೯ರಂದು ಮಾಸ್ಕೋದಲ್ಲಿ ಕದನವಿರಾಮದ ಒಪ್ಪಂದವಾಯಿತು. ಕರೇಲಿಯ ಮತ್ತೆ ಹೋಯಿತು. ಉತ್ತರದ ಪೆತ್ಸಾಮೊ ಹೋಯಿತು. ಹೆಲ್ಸಿಂಕಿಯ ಪಕ್ಕದ ಪೊರ್ಕಲವನ್ನು ಐವತ್ತು ವರ್ಷಗಳ ಗೇಣಿಗೆ ಕೊಡಬೇಕಾಯಿತು. ಅದು ೧೯೫೬ರಲ್ಲಿಯೇ ಹಿಂದಿರುಗಿತು. ೩೦ ಕೋಟಿ ಡಾಲರುಗಳಷ್ಟು ಯುದ್ಧದಂಡವನ್ನು ಹಡಗು, ಯಂತ್ರ, ಮರಮುಟ್ಟುಗಳ ರೂಪದಲ್ಲಿ ತೆರಬೇಕಾಯಿತು. ನಿನ್ನೆಯ ಜೊತೆಗಾರರಾದ ಜರ್ಮನರನ್ನು ಯುದ್ಧಮಾಡಿ ಹೊರಗಟ್ಟಬೇಕಾಯಿತು. ೧೯೪೭ರ ಫೆಬ್ರವರಿ ೧೦ರಂದು ಪ್ಯಾರಿಸ್ಸಿನಲ್ಲಿ ಈ ದೇಶದೊಡನೆ ಆದ ಶಾಂತಿಯ ಒಪ್ಪಂದಕ್ಕೆ ಸಹಿ ಹಾಕಿದ ರಾಷ್ಟ್ರಗಳಲ್ಲಿ, ಆಗಿನ್ನೂ ಸ್ವತಂತ್ರವಾಗದಿದ್ದ ನಮ್ಮ ಭಾರತವೂ ಒಂದೆಂಬುದು ವಾಚಕರಿಗೆ ಸೋಜಿಗವಾಗಬಹುದು.

ನೆಲವನ್ನೇ ನಂಬಿ ಬಾಳುವ ಮನೆತನದಿಂದ ಬಂದ ನನ್ನ ಮನಸ್ಸನ್ನು ಹೆಚ್ಚಾಗಿ ತಟ್ಟಿದುದು ಕರೇಲಿಯದ ಒಕ್ಕಲುಗಳ ಪಾಡು. ೧೯೪೧ರ ನಂತರ ಹಿಂದಿರುಗಿ, ಸುಟ್ಟ ಮನೆಗಳನ್ನು ಮತ್ತೆ ಕಟ್ಟಿ, ಹೊಲ ಬಿತ್ತಿದ್ದವರು ಎರಡನೆಯ ಬಾರಿಗೆ ಗಂಟುಮೂಟೆ ಕಟ್ಟಿದರು. ಆದರೆ ಅವರನ್ನು ಶಿಬಿರಗಳಲ್ಲಿ ಕೊಳೆಯಲು ಬಿಡಲಿಲ್ಲ. ೧೯೪೫ರ ಭೂಸ್ವಾಧೀನ ಕಾಯಿದೆಯಂತೆ ಸರ್ಕಾರ, ಚರ್ಚು, ಕಂಪನಿಗಳು, ದೊಡ್ಡ ಹಿಡುವಳಿದಾರರು ಇವರಿಂದ ನೆಲವನ್ನು ಪಡೆದು ಅವರಿಗೆ ಹಂಚಿದರು. ೧೯೫೨ರಲ್ಲಿ ಯುದ್ಧದಂಡವೂ ತೀರಿತು. ಅದೇ ವರ್ಷ ಹೆಲ್ಸಿಂಕಿಯಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು.

ಉಪಸಂಹಾರ

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ರಷ್ಯದ ಮುಖ್ಯ ಗುರಿ ಬರ್ಲಿನ್. ಜೂನ್ ೨೨ರಂದೇ ಬೆಲರೂಸಿನಲ್ಲಿ ಮಹಾದಾಳಿ ಆರಂಭವಾಗಿತ್ತು. ಸೇನೆಯನ್ನು ಅತ್ತ ಒಯ್ಯಬೇಕಾಗಿದ್ದುದರಿಂದ ಇತ್ತ ಕೈಬಿಟ್ಟರು. ಫಿನ್ನರ ಹೋರಾಟದಿಂದ ಅಲ್ಲ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಬಾಗಿಲು ಜೂನ್ ಕೊನೆಯಲ್ಲಿಯೇ ಮುರಿದಿದ್ದರೆ, ಜುಲೈಯಲ್ಲಿ ಶತ್ರುವಿಗೆ ಬೇರೆ ಕೆಲಸ ಹೆಚ್ಚಾಯಿತೆಂಬುದರಿಂದ ಒಳಗಿದ್ದವರಿಗೆ ಏನು ಪ್ರಯೋಜನವಾಗುತ್ತಿತ್ತು? ಚಿಕ್ಕ ದೇಶ ದೊಡ್ಡದನ್ನು ಸೋಲಿಸಬೇಕಾಗಿರಲಿಲ್ಲ. ದೊಡ್ಡದರ ಕಣ್ಣು ಬೇರೆಡೆಗೆ ಹೊರಳುವವರೆಗೆ ನಿಲ್ಲಬೇಕಾಗಿತ್ತು. ಅವರು ಗಳಿಸಿದುದು ನೆಲವಲ್ಲ, ಕಾಲ. ಆ ಕಾಲದಿಂದಲೇ 'ಶರಣಾಗಿರಿ' ಎಂಬ ಆಜ್ಞೆ 'ಷರತ್ತುಗಳು ಇವು' ಎಂಬ ಮಾತಾಯಿತು.

ಆದುದರಿಂದ ರಕ್ಷಣೆಯ ಜಯವನ್ನು ಭೂಪಟದಲ್ಲಿ ಹುಡುಕಬಾರದು. ಭೂಪಟದಲ್ಲಿ ಕಾಣುವುದು ಕುಗ್ಗಿದ ಗಡಿ ಮಾತ್ರ. ೧೯೪೫ರ ಮಾರ್ಚ್‌ನಲ್ಲಿ, ಯೂರೋಪಿನಲ್ಲಿ ಯುದ್ಧ ಇನ್ನೂ ಮುಗಿಯದಿದ್ದಾಗ, ಹೆಲ್ಸಿಂಕಿಯಲ್ಲಿ ಪರಸೇನೆಯ ಆಡಳಿತವಿರಲಿಲ್ಲ. ಆ ದೇಶದ ಪ್ರಜೆಗಳು ಸಾಲುಗಟ್ಟಿ ನಿಂತು ತಮ್ಮ ಪಾರ್ಲಿಮೆಂಟಿಗೆ ಮತ ಹಾಕಿದರು. ತಾಲಿ-ಇಹಂತಲದ ಬಂಡೆಗಳ ನಡುವೆ ಬಿದ್ದವರು ಕಾಪಾಡಿದುದು ಅದನ್ನು.